ಏಳು ನಲವತ್ತರ ಫೈಲು

ಅಪ್ಪನ ಎಡ ಮೊಣಕೈಯ ಒಳಮಗ್ಗುಲಲ್ಲಿ, ಸೂಜಿ ಚುಚ್ಚುವ ಜಾಗಕ್ಕಿಂತ ಎರಡು ಬೆರಳು ಮೇಲೆ, ಹುಣಸೆ ಬೀಜದಷ್ಟು ದೊಡ್ಡ ನೀಲಿ ಕಲೆಯೊಂದಿತ್ತು. ಅದು ಆ ಬೆಳಗಿನ ಸೂಜಿಯಿಂದ ಆದದ್ದಲ್ಲ. ಅಂಚು ಆಗಲೇ ಹಳದಿಗೆ ತಿರುಗಿತ್ತು.

"ಇದೇನಪ್ಪಾ?" ಎಂದೆ.

"ಎಲ್ಲೋ ಬಡದಿರಬೇಕು, ಬಿಡವ್ವಾ."

ಭಾನುವಾರ, ಬೆಳಿಗ್ಗೆ ಏಳೂವರೆ. ಮಾಧವರಂನ ನಮ್ಮ ಮನೆಯ ಊಟದ ಮೇಜಿನ ಮೇಲೆ ರಕ್ತದ ಕೊಳವೆಗೆ ಚೀಟಿ ಅಂಟಿಸುತ್ತಿದ್ದವರು ನಾನು ಕೆಲಸ ಮಾಡುವ ಲ್ಯಾಬಿನ ಟೆಕ್ನಿಷಿಯನ್. ಐವತ್ತರ ಆಸುಪಾಸಿನ ತಮಿಳರು. ಪ್ರತಿ ಭಾನುವಾರ ಮನೆಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವುದು ಅವರ ಕೆಲಸ. ಎಲ್ಲರ ಮನೆಯಲ್ಲೂ ಅವರನ್ನು ಅಣ್ಣ ಎಂದೇ ಕರೆಯುತ್ತಾರೆ. ಅವರು ಹತ್ತಿಯ ಮೇಲೆ ಅಪ್ಪನ ಹೆಬ್ಬೆರಳನ್ನು ಒತ್ತಿ ಹಿಡಿಸಿ, ಅಮ್ಮನ ಕಡೆ ತಿರುಗಿ ಕೇಳಿದರು: "ಡೋಸ್ ಕೊರೆಚ್ಚಾಂಗಳಾ ಅಮ್ಮಾ? ಹೋದ ವಾರ ನಾಲ್ಕು ಪಾಯಿಂಟ್ ಆರು ಇತ್ತಲ್ಲ, ಕಡಿಮೆ ಮಾಡಿದರೇನು?"

ಅಮ್ಮ ಕಾಫಿ ಲೋಟ ಮುಂದಿಟ್ಟು, "ಫೋನೇ ಬರಲಿಲ್ಲಣ್ಣಾ," ಎಂದು ತಮಿಳಿನಲ್ಲಿ ಹೇಳಿ, ನನ್ನ ಕಡೆ ನೋಡಿ ಕನ್ನಡಕ್ಕೆ ಬಂದಳು. "ಫೋನ್ ಬರಲಿಲ್ಲಂದ್ರ ಎಲ್ಲಾ ಸರಿ ಐತಿ ಅಂತ ನೀನ ಹೇಳಿದ್ದಿಯಲ್ಲ?"

ಹೌದು, ನಾನೇ ಹೇಳಿದ್ದೆ. ಆಸ್ಪತ್ರೆಯ ನಿಯಮವೂ ಅದೇ.

ಅಪ್ಪನ ಹೃದಯದೊಳಗೆ ಲೋಹದ ಕವಾಟವೊಂದಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಪ್ರತಿ ಸಂಜೆ ಏಳಕ್ಕೆ ಒಂದು ಮಾತ್ರೆ. ಆ ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಒಳಗೆಲ್ಲೋ ನಿಲ್ಲದ ರಕ್ತಸ್ರಾವ. ಎರಡರ ನಡುವಿನ ಹಾದಿಯನ್ನು ಒಂದು ಸಂಖ್ಯೆ ಹೇಳುತ್ತದೆ. ಅಪ್ಪನಿಗೆ ಅದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಭಾನುವಾರದ ರಕ್ತದಿಂದ ಬಂದ ಸಂಖ್ಯೆ ಸೋಮವಾರ ಪೋರೂರಿನ ಆಸ್ಪತ್ರೆಯ ವೈದ್ಯರ ಮೇಜಿಗೆ ಹೋಗುತ್ತದೆ. ಮಿತಿ ದಾಟಿದವರಿಗೆ ಮಾತ್ರ ಅಲ್ಲಿಂದ ಫೋನ್: ಇಷ್ಟು ಕಡಿಮೆ ಮಾಡಿ, ಇಷ್ಟು ಜಾಸ್ತಿ ಮಾಡಿ. ಉಳಿದವರಿಗೆ ಏನೂ ಇಲ್ಲ. ಹಳೆಯ ಡೋಸನ್ನೇ ಮುಂದುವರಿಸಬೇಕು.

ನಾಲ್ಕು ಪಾಯಿಂಟ್ ಆರಕ್ಕೆ ಫೋನ್ ಬರಲೇಬೇಕಿತ್ತು. ಆ ಸಂಖ್ಯೆಯನ್ನು ಪೋರೂರಿಗೆ ಮುಟ್ಟಿಸುವ ಫೈಲನ್ನು ಮೂರು ವಾರಗಳಿಂದ ಕಳಿಸುತ್ತಿದ್ದದ್ದು ನಾನು. ನಾನು ಎಂದರೆ, ನಾನು ಬರೆದ ಸ್ಕ್ರಿಪ್ಟು.

ಅಣ್ಣ ಹೊರಡುವಾಗ ಮೆಟ್ಟಿಲವರೆಗೂ ಹೋಗಿ, ಅಪ್ಪನ ಇವತ್ತಿನ ಸಂಖ್ಯೆ ಸಿಕ್ಕ ತಕ್ಷಣ ನನಗೆ ಫೋನ್ ಮಾಡಿ ಎಂದೆ. ಮಣಲಿಯ ಶಾಖೆಗೆ ಹೋಗಿ ಮಷೀನಿಗೆ ಹಾಕಬೇಕು, ಒಂದೂವರೆ ಆಗುತ್ತದೆ ಎಂದರು. ಒಳಗೆ ಬಂದು ಚಪ್ಪಲಿ ಹಾಕಿಕೊಂಡೆ. ಬಿಚ್ಚಿದೆ. ಚೀಲ ತೆಗೆದುಕೊಂಡು ಮತ್ತೆ ಹಾಕಿಕೊಂಡೆ.

"ಭಾನುವಾರ ಎಲ್ಲಿಗೆ ಹೊಂಟಿ?"

"ಆಫೀಸಿಗೆ. ನಾ ಫೋನ್ ಮಾಡೋತನಕ ಇವತ್ತಿನ ಮಾತ್ರಿ ಕೊಡಬ್ಯಾಡ."

"ಯಾಕ?"

"ಹೇಳತೀನಿ," ಎಂದೆ. ಹೇಳದೆ ಹೊರಟೆ.

ಗಿಂಡಿಯ ಲ್ಯಾಬಿಗೆ ನಮ್ಮ ಮನೆಯಿಂದ ಬಸ್ಸು, ಆಮೇಲೆ ಮೆಟ್ರೊ. ಭಾನುವಾರ ಸೀಟುಗಳು ಖಾಲಿ ಇದ್ದವು. ಕೂತರೆ ಎದ್ದು ನಿಲ್ಲಬೇಕೆನಿಸುತ್ತಿತ್ತು, ಆದ್ದರಿಂದ ಬಾಗಿಲ ಬಳಿಯೇ ಕಂಬ ಹಿಡಿದು ನಿಂತೆ. ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ನೋಡದಿರಲು ನಿಲ್ದಾಣಗಳನ್ನು ಎಣಿಸಿದೆ. ಎಣಿಕೆ ಎರಡು ಸಲ ತಪ್ಪಿತು. ಯಾವುದನ್ನೂ ತಪ್ಪಿ ಎಣಿಸುವವಳಲ್ಲ ನಾನು.

ಈ ಕೆಲಸ ನನ್ನ ಕೈಗೆ ಬಂದದ್ದು ಹೀಗೆ. ಡೇಟಾಬೇಸಿನಿಂದ ದಿನಾ ಬೆಳಿಗ್ಗೆ ನಾಲ್ಕು ಟೇಬಲ್‌ಗಳನ್ನು ಟೆಕ್ಸ್ಟ್ ಫೈಲುಗಳಾಗಿ ತೆಗೆದು ಪೋರೂರಿಗೆ ಕಳಿಸುವುದನ್ನು ಎಂಟು ವರ್ಷ ಒಬ್ಬರೇ ಕೈಯಾರೆ ಮಾಡಿದ್ದರು. ಅವರು ನಮ್ಮ ವಿಭಾಗದ ಹಿರಿಯರು, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಕನ್ನಡದವರು. ನನಗೂ ಎಲ್ಲರಿಗೂ ಅಕ್ಕ. ಹಿಂದಿನ ದಿನದ ತಾರೀಖು ಹಾಕುವುದು, ಒಂದೊಂದೇ ಟೇಬಲ್ ಹೊರತೆಗೆಯುವುದು, ಅಂಕಣಗಳ ನಡುವೆ ನೆಟ್ಟನೆ ಗೆರೆ ಬಿದ್ದಿದೆಯೇ ನೋಡುವುದು, ನೋಟ್‌ಪ್ಯಾಡಿನಲ್ಲಿ ತೆರೆದು ಕೆಳಕ್ಕೆ ಹೋಗಿ ಕೊನೆಯ ಸಾಲನ್ನು ಗಟ್ಟಿಯಾಗಿ ಓದುವುದು, ಕಳಿಸುವುದು. ಅಷ್ಟಕ್ಕೆ ಮುಕ್ಕಾಲು ಗಂಟೆ. ಇದನ್ನು ತಾನಾಗಿಯೇ ಆಗುವ ಹಾಗೆ ಮಾಡು ಎಂದು ಮ್ಯಾನೇಜರ್ ನನಗೆ ಹೇಳಿದರು.

ಬುಧವಾರ ಮತ್ತು ಗುರುವಾರ ಅಕ್ಕನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹದಿನೇಳು ಹೆಜ್ಜೆಗಳನ್ನು ಬರೆದುಕೊಂಡೆ. ಏನನ್ನೂ ಕೇಳಲಿಲ್ಲ. ನೋಡಿದರೆ ತಿಳಿಯುವುದನ್ನು ಕೇಳುವುದು ನನಗೆ ಆಗದ ಕೆಲಸ.

"ಏನಮ್ಮಾ, ಬಾಯಲ್ಲಿ ಮುತ್ತು ಇಟ್ಕೊಂಡಿದ್ದೀಯಾ?" ಎಂದಿದ್ದರು ಅಕ್ಕ. "ಮಾತಾಡೋದಕ್ಕೂ ಒಂದು ಸ್ಕ್ರಿಪ್ಟ್ ಬರ್ಕೋ. ಬೆಳಿಗ್ಗೆ ಹತ್ತಕ್ಕೆ ಒಂದು ಗುಡ್ ಮಾರ್ನಿಂಗ್, ಸಾಯಂಕಾಲ ಐದಕ್ಕೆ ಹೋಗಿಬರ್ತೀನಿ ಅಂತ ಒಂದು ಪೋಯ್ಟ್ಟು ವರ್ರೇನ್."

ನಕ್ಕೆ. ಹನ್ನೊಂದು ಗಂಟೆಗೆ ಅವರೆಲ್ಲ ಕೆಳಗಿನ ಅಂಗಡಿಗೆ ಕಾಫಿಗೆ ಹೋಗುತ್ತಿದ್ದರು. ದಿನಾ ಕರೆಯುತ್ತಿದ್ದರು, ದಿನಾ ನಾನು "ನೀವು ಹೋಗಿ ಬನ್ನಿ" ಎನ್ನುತ್ತಿದ್ದೆ. ಒಂದೂವರೆ ವರ್ಷದಲ್ಲಿ ನನ್ನ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಗೆ ಬರುವ ಅಣ್ಣನಿಗೆ ಮಾತ್ರ ಗೊತ್ತಿತ್ತು.

ಸ್ಕ್ರಿಪ್ಟನ್ನು ಎಷ್ಟು ಗಂಟೆಗೆ ಇಡಬೇಕೆಂದು ತಿಳಿಯಲು ಹಳೆಯ ಫೈಲುಗಳ ಸಮಯಗಳನ್ನೆಲ್ಲ ಒಂದೆಡೆ ತೆಗೆದು ನೋಡಿದೆ. ಬಹುಪಾಲು ಎಂಟೂವರೆಯ ಸುತ್ತ. ಸೋಮವಾರ ಮಾತ್ರ ಎಂಟು ವರ್ಷವೂ ಒಂಬತ್ತು ದಾಟಿದ ಮೇಲೆ. ಒಂಬತ್ತು ಐದು, ಒಂಬತ್ತು ಎಂಟು. ಕೆಲವು ಶನಿವಾರ ಅಕ್ಕ ತಡವಾಗಿ ಬಂದಿದ್ದಿರಬೇಕು. ಆ ದಿನಗಳಲ್ಲಿ ಫೈಲು ಒಂಬತ್ತೂಕಾಲಿಗೋ ಒಂಬತ್ತೂವರೆಗೋ ಹೋಗಿರಲಿಲ್ಲ. ಹತ್ತೂವರೆ ದಾಟಿದ ಮೇಲೆಯೇ ಹೋಗಿತ್ತು. ಸಂಜೆ ಮನೆಗೆ ಬಂದು ಅಡುಗೆಮನೆಯ ಗೋಡೆಯಲ್ಲಿದ್ದ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ನೋಡಿದೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಶನಿವಾರ ಒಂಬತ್ತರಿಂದ ಹತ್ತೂವರೆ. ಸರಿಯಾಗಿ ಹೊಂದಿತು.

ಯಾರಿಗೂ ಹೇಳದೆ ಒಂದು ಗಂಟನ್ನು ಬಿಡಿಸಿದಾಗ ಆಗುವ ಸುಖ ನನಗೆ ಬಹಳ ಇಷ್ಟ. ಅಕ್ಕನ ನಂಬಿಕೆ ಅಕ್ಕನದು, ಅದರ ಬಗ್ಗೆ ಕೇಳುವುದು ಸಭ್ಯತೆಯಲ್ಲ ಎಂದುಕೊಂಡೆ. ಕಂಪ್ಯೂಟರಿಗೆ ರಾಹುಕಾಲವಿಲ್ಲ ಎಂದೂ ಅಂದುಕೊಂಡೆ. ಎಲ್ಲ ದಿನಕ್ಕೂ ಏಳು ನಲವತ್ತು ಎಂದು ಇಟ್ಟೆ. ಏಳು ಗಂಟೆಗೂ ಇಡಬಹುದಿತ್ತು. ಸೋಮವಾರದ ರಾಹುಕಾಲ ಶುರುವಾಗಿ ಹತ್ತು ನಿಮಿಷಕ್ಕೆ ಅಂತ ಬೇಕೆಂದೇ ಇಟ್ಟೆ. ಅದು ಯಾರೂ ನೋಡದ ಒಂದು ಸಣ್ಣ ಕೊಬ್ಬು.

ಫೈಲು ಖಾಲಿಯಾಗಿದ್ದರೆ ನನ್ನ ಮೊಬೈಲಿಗೆ ಎಚ್ಚರಿಕೆ ಬರುವ ಹಾಗೆ ಮಾಡಿದ್ದೆ. ಒಂದು ದಿನವೂ ಬರಲಿಲ್ಲ. ಮೂರು ವಾರ ದಿನಾ ಏಳು ನಲವತ್ತಕ್ಕೆ 'ಯಶಸ್ವಿ' ಎಂಬ ಒಂದು ಸಾಲು. ಅಕ್ಕ ನಾಲ್ಕನೇ ಮಹಡಿಗೆ, ಬೇರೆ ಕೆಲಸಕ್ಕೆ ಹೋದರು. ಹೋಗುವಾಗ "ಕೊನೆ ಸಾಲು ಓದೋದನ್ನ ನಿನ್ನ ಮಷೀನಿಗೆ ಕಲಿಸಿದ್ದೀಯಾ?" ಎಂದರು. ಸಾಲುಗಳನ್ನು ಎಣಿಸುತ್ತದೆ ಅಕ್ಕಾ, ಓದುವ ಅಗತ್ಯವಿಲ್ಲ ಎಂದಿದ್ದೆ.

ಗಿಂಡಿಯಲ್ಲಿ ಕಾವಲಿನವರು ಬಾಗಿಲು ತೆಗೆದರು. ಎಸಿ ಹಾಕಿರಲಿಲ್ಲ. ಮೊದಲು ಹೋದ ಸೋಮವಾರದ ಫೈಲನ್ನು ತೆರೆದೆ. ಭಾನುವಾರದ ತಾರೀಖಿನ ಸಾಲುಗಳು ಇದ್ದವು, ಆದರೆ ಎಲ್ಲವೂ ಆಸ್ಪತ್ರೆಯ ವಾರ್ಡುಗಳವು. ಮನೆಮನೆಯಿಂದ ತೆಗೆದ ರಕ್ತದ ಒಂದು ಸಾಲೂ ಇಲ್ಲ. ಅದರ ಹಿಂದಿನ ಸೋಮವಾರ, ಅದರ ಹಿಂದಿನದು, ಅಲ್ಲೂ ಇಲ್ಲ. ಡೇಟಾಬೇಸಿನೊಳಗೆ ನೋಡಿದರೆ ಎಲ್ಲರೂ ಇದ್ದರು. ಅಪ್ಪನೂ ಇದ್ದರು: ಮೂರು ಪಾಯಿಂಟ್ ಆರು, ನಾಲ್ಕು ಪಾಯಿಂಟ್ ಒಂದು, ನಾಲ್ಕು ಪಾಯಿಂಟ್ ಆರು. ವಾರ ವಾರ ಮೇಲಕ್ಕೆ.

ಅಕ್ಕನಿಗೆ ಫೋನ್ ಮಾಡಿದೆ. ಅವರ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

"ಯಾರು, ನೀನಾ? ಏನು ಆಶ್ಚರ್ಯ! ಭಾನುವಾರ ಶೆಡ್ಯೂಲ್ ಇಲ್ವಲ್ಲಮ್ಮಾ ನಿಂದು."

"ಅಕ್ಕಾ, ಸೋಮವಾರದ ಫೈಲಿನಲ್ಲಿ ಮನೆ ಸ್ಯಾಂಪಲ್‌ಗಳು ಹೋಗ್ತಾ ಇಲ್ಲ."

"ಸೋಮವಾರ ಎಷ್ಟಕ್ಕೆ ಕಳಿಸ್ತಿದ್ದೀಯಾ?"

"ಏಳು ನಲವತ್ತಕ್ಕೆ."

ಕುಕ್ಕರ್ ಇನ್ನೊಂದು ಸಲ ಕೂಗಿತು. ಅವರು ಯಾರಿಗೋ "ಗ್ಯಾಸ್ ಆಫ್ ಮಾಡು" ಎಂದರು.

"ಅಯ್ಯೋ ನನ್ನಪ್ಪಾ. ಅಣ್ಣ ಮಣಲಿಯಿಂದ ನೋಟ್‌ಬುಕ್ ತಗೊಂಡು ಬರೋದೇ ಎಂಟಕ್ಕೆ ಅಲ್ವಾ? ಆ ಮಷೀನಿಗೂ ನಮ್ಮ ಡೇಟಾಬೇಸಿಗೂ ಕನೆಕ್ಷನ್ ಎಲ್ಲಿದೆ? ಬರ್ಕೊಂಡು ಬಂದಿರ್ತಾರೆ. ಎಂಟೂ ಮುಕ್ಕಾಲು, ಒಂಬತ್ತರ ತನಕ ಕೂತು ಒಂದೊಂದಾಗಿ ಹಾಕ್ತಾರೆ. ಅದಕ್ಕೇ ಅಲ್ವಾ ನಾನು ಸೋಮವಾರ ಕಾಯ್ತಿದ್ದದ್ದು?"

ನನ್ನ ಸ್ಕ್ರಿಪ್ಟು ಏಳು ನಲವತ್ತಕ್ಕೆ ಭಾನುವಾರದ ಸಾಲುಗಳನ್ನು ತೆಗೆಯುತ್ತಿತ್ತು. ಆ ಸಾಲುಗಳು ಎಂಟರ ಮೇಲೆ ಒಳಗೆ ಬರುತ್ತಿದ್ದವು. ಮಂಗಳವಾರ ಅದು ಸೋಮವಾರದ ತಾರೀಖನ್ನಷ್ಟೇ ಹುಡುಕುತ್ತಿತ್ತು. ತಡವಾಗಿ ಬಂದವರಿಗಾಗಿ ಹಿಂತಿರುಗಿ ನೋಡುತ್ತಿರಲಿಲ್ಲ. ಐದಾರು ವರ್ಷದಿಂದ ನಮ್ಮ ಮನೆಯ ಮೇಜಿನಿಂದ ಆ ಕೊಳವೆ ಹೊರಡುವುದನ್ನು ನೋಡಿದ್ದೆ. ಅದು ಎಲ್ಲಿಗೆ ಹೋಗುತ್ತದೆ, ಸಂಖ್ಯೆ ಹೇಗೆ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನಾನು ರಾಹುಕಾಲ ಅಂದ್ಕೊಂಡೆ," ಎಂದೆ.

"ಏನಂದ್ಕೊಂಡೆ?"

"ಸೋಮವಾರ ಒಂಬತ್ತರ ಮೇಲೆ ಕಳಿಸ್ತಿದ್ರಿ. ಶನಿವಾರ ತಡ ಆದ್ರೆ ಹತ್ತೂವರೆ ಮೇಲೆ. ಕ್ಯಾಲೆಂಡರ್ ನೋಡಿದೆ. ಕಂಪ್ಯೂಟರಿಗೆ ರಾಹುಕಾಲ ಇಲ್ಲ ಅಂತ ಏಳು ನಲವತ್ತಕ್ಕೆ ಇಟ್ಟೆ."

ಅಕ್ಕ ಜೋರಾಗಿ ನಕ್ಕರು. ನಗು ಅರ್ಧಕ್ಕೇ ನಿಂತಿತು. "ನೋಡ್ತೀನಮ್ಮಾ, ಇಲ್ಲ ಅನ್ನಲ್ಲ. ಶನಿವಾರ ಲೇಟಾದ್ರೆ ರಾಹುಕಾಲ ಮುಗಿಯೋ ತನಕ ನಾನು ಮೌಸ್ ಮುಟ್ಟಲ್ಲ. ಆದ್ರೆ ಸೋಮವಾರ ಕಾದದ್ದು ನೋಟ್‌ಬುಕ್ಕಿಗೆ. ಇದು ರಾಹುಗೆ, ಇದು ನೋಟ್‌ಬುಕ್ಕಿಗೆ ಅಂತ ಫೈಲಿನ ಟೈಮ್ ಹೇಳುತ್ತಾ? ಬಾಯಿಬಿಟ್ಟು ಕೇಳ್ಬೇಕು ಕಣೆ." ಆಮೇಲೆ ದನಿ ಇಳಿಸಿದರು. "ತಪ್ಪು ನಂದೂ ಇದೆ. ಎಂಟು ವರ್ಷ ಮಾಡಿ ಮಾಡಿ, ಕಾಯೋದೂ ಒಂದು ಕೆಲಸ ಅಂತ ನನಗೇ ಮರೆತುಹೋಗಿತ್ತು. ಸರಿ, ಈಗ ತೆಗಿ. ಮೂರು ಭಾನುವಾರದ್ದೂ ಕೈಯಲ್ಲೇ ತೆಗಿ. ನಾನು ಲೈನಲ್ಲೇ ಇರ್ತೀನಿ."

ತೆಗೆದೆ. ಮೂರು ಫೈಲು. ಮಿತಿ ದಾಟಿದವರನ್ನು ಬೇರೆ ಮಾಡಿದಾಗ ಹನ್ನೊಂದು ಜನ ಉಳಿದರು.

"ತೆರೆದ್ಯಾ? ಕೊನೆ ಸಾಲು ಓದು."

ಓದಿದೆ. ಖಾಲಿ ಕೋಣೆಯಲ್ಲಿ ನನ್ನ ದನಿ ಬೇರೆ ಯಾರದ್ದೋ ಹಾಗೆ ಕೇಳಿತು. "ಈಗ ಆ ಹನ್ನೊಂದನ್ನೂ ಓದು," ಎಂದರು ಅಕ್ಕ. ಹೆಸರಿಲ್ಲದೆ, ಸಂಖ್ಯೆ ಮತ್ತು ವಯಸ್ಸು ಮಾತ್ರ ಓದುತ್ತಾ ಹೋದೆ. ಏಳನೆಯದು ಅರವತ್ತೆಂಟು ವರ್ಷದ ಗಂಡಸು, ಕವಾಟ, ನಾಲ್ಕು ಪಾಯಿಂಟ್ ಆರು. ಓದಿ ನಿಂತೆ.

"ಏನಾಯ್ತು? ಮುಂದೆ?"

"ಇದು ನಮ್ಮಪ್ಪ, ಅಕ್ಕಾ."

"ನಿನಗೆ ಅಪ್ಪ ಇದ್ದಾರೆ ಅಂತಾನೂ ಹೇಳಿರ್ಲಿಲ್ಲವಲ್ಲೇ ನೀನು," ಎಂದರು. ಬೈಗುಳವಾಗಿರಲಿಲ್ಲ. "ಮೊದಲು ಪೋರೂರಿಗೆ ಫೋನ್ ಹಾಕು. ಹನ್ನೊಂದು ಜನಾನೂ ಹೇಳು. ಹಾಕಿ ಆದ್ಮೇಲೆ ನನಗೆ ಮಾಡು."

ಪಟ್ಟಿಯನ್ನು ಪೋರೂರಿಗೆ ಕಳಿಸಿ ಫೋನ್ ಮಾಡಿದೆ. ಪಾಳಿಯ ವೈದ್ಯೆ ಎತ್ತಿದರು. ಮೂರು ವಾರ ಸಂಖ್ಯೆಗಳು ಬಂದಿಲ್ಲ, ತಪ್ಪು ನನ್ನದು, ಪಟ್ಟಿ ಈಗ ನಿಮ್ಮ ಮುಂದಿದೆ ಎಂದೆ. ಅವರು ತಪ್ಪಿನ ಮಾತನ್ನು ಎತ್ತಲೇ ಇಲ್ಲ. ಒಬ್ಬೊಬ್ಬರಿಗೂ ಕರೆ ಮಾಡಿಸುತ್ತೇನೆ ಎಂದು ಇಟ್ಟರು. ಮ್ಯಾನೇಜರಿಗೆ ಆರು ಸಾಲಿನ ಮೇಲ್ ಬರೆದೆ. ನಾಲ್ಕು ಸಲ ತಿದ್ದಿದೆ. 'ಸಿಸ್ಟಂ' ಎಂದಿದ್ದ ಕಡೆಯೆಲ್ಲ 'ನಾನು' ಎಂದು ಹಾಕಿ ಕಳಿಸಿದೆ.

ಒಂದು ಇಪ್ಪತ್ತಕ್ಕೆ ಅಣ್ಣನ ಫೋನ್ ಬಂತು. ಅಪ್ಪನದು ಐದು ಪಾಯಿಂಟ್ ಎಂಟು.

ಮತ್ತೆ ವೈದ್ಯೆ. ಎಲ್ಲಾದರೂ ರಕ್ತ ಕಾಣುತ್ತಿದೆಯೇ, ಒಸಡು, ಮೂತ್ರ, ಮಲ? ತಲೆನೋವಿದೆಯೇ? ಈಚೆಗೆ ಬೇರೆ ಮಾತ್ರೆ ಏನಾದರೂ ತೆಗೆದುಕೊಂಡರೇ? ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ತಲಿನೋವಿಲ್ಲ, ಉಳಿದದ್ದೂ ಇಲ್ಲ. ಹಲ್ಲುಜ್ಜುವಾಗ ಮೂರು ದಿನದಿಂದ ಕೆಂಪು ಬರ್ತೈತಿ. ಬ್ರಶ್ ಬಿರುಸ ಐತಿ ಅಂದ್ರು, ಹೊಸಾದು ತಂದ್ವಿ. ಕೆಮ್ಮಿಗೆ ಡಾಕ್ಟರ್ ಒಂದು ಕೋರ್ಸ್ ಬರದಿದ್ರಲ್ಲ, ತಿಂಗಳಾತು."

"ಕೆಂಪು ಬಂದದ್ದು ನನಗ್ಯಾಕ ಹೇಳಲಿಲ್ಲ?"

"ಯಾವಾಗ ಹೇಳಬೇಕಿತ್ತು? ಊಟಕ್ಕ ಕುಂತಾಗೂ ನೀ ಮೊಬೈಲ್ ನೋಡತಿ." ಹಿಂದಿನಿಂದ ಅಪ್ಪನ ದನಿ ಕೇಳಿತು: "ಏನಾಗಿಲ್ಲ ಅಂತ ಹೇಳ ಆಕೀಗೆ."

ಅಮ್ಮ ಹೇಳಿದ್ದನ್ನು ತಿಳಿಸಿದಾಗ, ಇವತ್ತು ಮಾತ್ರೆ ಬೇಡ, ಈಗಲೇ ಕರೆದುಕೊಂಡು ಬನ್ನಿ, ಒಮ್ಮೆ ನೋಡಬೇಕು ಎಂದರು ವೈದ್ಯೆ. ಅಮ್ಮ ಅಪ್ಪ ಇಬ್ಬರೂ ಟ್ಯಾಕ್ಸಿಯಲ್ಲಿ ಬಂದರು, ನಾನು ಗಿಂಡಿಯಿಂದ ನೇರ ಪೋರೂರಿಗೆ ಹೋದೆ. ಅವರು ಬರುವ ಮುಂಚೆಯೇ ತಲುಪಿ ಗೇಟಿನಿಂದ ಔಷಧಿ ಅಂಗಡಿಯವರೆಗೆ ನಡೆದೆ, ಹಿಂತಿರುಗಿದೆ, ಮತ್ತೆ ನಡೆದೆ. ಕಾವಲಿನವನು ಯಾರನ್ನು ನೋಡಬೇಕು ಎಂದು ಎರಡು ಸಲ ಕೇಳಿದ. ಟ್ಯಾಕ್ಸಿಯಿಂದ ಇಳಿದ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು, ಯಾರದೋ ಮದುವೆಗೆ ಬಂದ ಹಾಗಿದ್ದರು.

ಪರೀಕ್ಷೆ ಮಾಡಿ, ಒಳಗೆ ರಕ್ತಸ್ರಾವದ ಲಕ್ಷಣವಿಲ್ಲ, ನಾಳೆ ಬೆಳಿಗ್ಗೆ ಮತ್ತೆ ರಕ್ತ ನೋಡೋಣ, ಅಲ್ಲಿವರೆಗೆ ಎಲ್ಲೂ ಬೀಳಬೇಡಿ ಎಂದರು. ಕೆಮ್ಮಿನ ಮಾತ್ರೆಯೇ ಇದನ್ನು ಏರಿಸಿದ್ದಿರಬಹುದು. ಮೊದಲ ವಾರವೇ ಡೋಸ್ ಸ್ವಲ್ಪ ಇಳಿಸಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದೂ ಹೇಳಿದರು. ಅದನ್ನು ಅವರು ಹೇಳಿದ್ದು ಅಪ್ಪನಿಗೆ. ಕೇಳಿಸಿಕೊಂಡದ್ದು ನಾನು.

ಮನೆಗೆ ವಾಪಸ್ಸು ಬರುವಾಗ ಟ್ಯಾಕ್ಸಿಯಲ್ಲಿ ಅವರಿಬ್ಬರಿಗೂ ಎಲ್ಲವನ್ನೂ ಹೇಳಿದೆ. ಫೈಲು, ಸಮಯ, ನೋಟ್‌ಬುಕ್, ರಾಹುಕಾಲ. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಪ್ಪ "ಉಳಿದ ಹತ್ತು ಮಂದಿ?" ಎಂದು ಕೇಳಿದರು. ಒಂಬತ್ತು ಜನ ಸಿಕ್ಕಿದ್ದಾರೆ, ಒಬ್ಬ ಹೆಂಗಸು ಫೋನ್ ಎತ್ತುತ್ತಿಲ್ಲ, ಅಣ್ಣ ಸಂಜೆಯೇ ಅವರ ಮನೆಗೆ ಹೋಗಿ ನೋಡುತ್ತೇನೆ ಎಂದಿದ್ದಾರೆ ಎಂದೆ. ಅಪ್ಪ ತಲೆಯಾಡಿಸಿದರು. ಮನೆಯಲ್ಲಿ ಸಂಜೆ ಏಳು ಗಂಟೆಗೆ ಅವರ ಕೈ ಅಭ್ಯಾಸದಿಂದ ಮಾತ್ರೆಯ ಡಬ್ಬಿಯ ಕಡೆ ಹೋಯಿತು. ಅಮ್ಮ ಡಬ್ಬಿಯನ್ನು ಎತ್ತಿ ಮೇಲಿನ ಕಪಾಟಿನಲ್ಲಿಟ್ಟಳು. ಆ ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನನ್ನು ಗಿಂಡಿಗೆ ಕರೆದುಕೊಂಡು ಹೋದೆ. ಏಳೂಕಾಲಿಗೆ ಕೆಳಗಡೆ ರಕ್ತ ಕೊಟ್ಟು, ಮೊಣಕೈ ಮಡಿಚಿಕೊಂಡು ಅವರು ಬೆಂಚಿನ ಮೇಲೆ ಕೂತರು. ನಾನು ಮೇಲೆ ಹೋಗಿ ಏಳು ನಲವತ್ತರ ಕೆಲಸವನ್ನು ನಿಲ್ಲಿಸಿದೆ. ಎಂಟಕ್ಕೆ ಅಣ್ಣ ಬಂದರು, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್. ಫೋನೆತ್ತದ ಹೆಂಗಸು ಮೊಬೈಲನ್ನು ಚಾರ್ಜಿಗೆ ಹಾಕಿ ಮರೆತು ತಂಗಿಯ ಮನೆಗೆ ಹೋಗಿದ್ದರಂತೆ. ರಾತ್ರಿ ಎಂಟಕ್ಕೆ ವಾಪಸ್ಸು ಬಂದಾಗ ಅಣ್ಣ ಬಾಗಿಲಲ್ಲೇ ಕೂತಿದ್ದರಂತೆ. "ನನ್ನನ್ನ ನೋಡಿ ಸಾಲ ವಸೂಲಿಗೆ ಬಂದವನು ಅಂದ್ಕೊಂಡ್ರು," ಎಂದು ನಕ್ಕರು.

ಅವರ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಿಂದ ಒಂದೊಂದು ಸಾಲನ್ನೂ ನಾನು ಓದಿದೆ, ಅವರು ಹಾಕಿದರು. ನಡುವೆ ಎಂಟೂವರೆಗೆ ಕೆಳಗಿನಿಂದ ಫೋನ್ ಬಂತು. ಅಪ್ಪನದು ನಾಲ್ಕು ಪಾಯಿಂಟ್ ಎರಡು. ಇನ್ನೂ ಜಾಸ್ತಿಯೇ, ಆದರೆ ಇಳಿಯುತ್ತಿತ್ತು. ಪೋರೂರಿನ ವೈದ್ಯೆಗೆ ತಿಳಿಸಿದಾಗ ಇವತ್ತೂ ಮಾತ್ರೆ ಬೇಡ ಎಂದರು. ಕೇಳಿಕೊಂಡು ಮುಂದಿನ ಸಾಲು ಓದಿದೆ.

ಎಂಟು ಐವತ್ತಮೂರಕ್ಕೆ ನೋಟ್‌ಬುಕ್ ಮುಗಿಯಿತು. ನಾಲ್ಕನೇ ಮಹಡಿಯಿಂದ ಇಳಿದು ಬಂದಿದ್ದ ಅಕ್ಕ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಫೈಲುಗಳನ್ನು ತೆಗೆದೆ, ಒಂದೊಂದನ್ನೂ ತೆರೆದೆ, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹಿಂದೆ ತಿರುಗಿದೆ.

"ಅಕ್ಕಾ, ಕಳಿಸ್ಲಾ?"

ಅವರು ಗೋಡೆಯ ಗಡಿಯಾರ ನೋಡಿದರು. "ಪೋರೂರಿನವರಿಗೆ ಹತ್ತಕ್ಕೆ ಸಾಕು. ಒಂಬತ್ತಾಗೋಕೆ ಇನ್ನೂ ಎರಡು ನಿಮಿಷ ಇದೆ." ಮುಖದಲ್ಲಿ ನಗು ತಡೆಹಿಡಿದಿದ್ದರು. "ನಿನ್ನಿಷ್ಟಮ್ಮಾ. ಕಂಪ್ಯೂಟರಿಗೆ ರಾಹುಕಾಲ ಇಲ್ಲ."

ನಾನು ಗುಂಡಿ ಒತ್ತಿದೆ. ಅಕ್ಕ ನಾಲಿಗೆ ಲೊಚಗುಟ್ಟಿದರು. ಫೈಲು ಹೋಯಿತೆಂದು ನೋಡಿಕೊಂಡೆ. ಪೋರೂರಿಗೆ ಫೋನ್ ಮಾಡಿ, ಮನೆ ಸ್ಯಾಂಪಲ್‌ಗಳು ಬಂದಿವೆಯೇ ಎಂದು ಕೇಳಿದೆ. ಬಂದಿವೆ ಎಂದರು. ಆಮೇಲೆ ಅಕ್ಕನನ್ನು ಕರೆದುಕೊಂಡು ಕೆಳಗೆ ಹೋದೆ. ಬೆಂಚಿನ ಮೇಲಿದ್ದ ಅಪ್ಪನನ್ನು ತೋರಿಸಿದೆ. ಮೂವರೂ ಅಂಗಡಿಯಲ್ಲಿ ನಿಂತು ಕಾಫಿ ಕುಡಿದೆವು.